ಗಿಟಾರು ಮತ್ತು ಗಣೆ

ಪರದೇಶದ ವಾದ್ಯವೊಂದು ನಮ್ಮ ಹಾಡಿಗೆ ಒಗ್ಗಿದ ದಿನ ನಮ್ಮದಾಗುತ್ತದೆ. ಪಿಟೀಲು ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕ ಸಂಗೀತಕ್ಕೆ ಹೀಗೆ ಒಗ್ಗಿತು. ಹಾರ್ಮೋನಿಯಂ ನಾಟಕ ಕಂಪನಿಗಳಿಗೆ ಒಗ್ಗಿತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ತುಮಕೂರು ಸೀಮೆಯಲ್ಲಂತೂ ಅದು ಮನೆಯ ಮಗನೇ ಆಗಿಹೋಯಿತು. ಮಧುಗಿರಿ, ಕೊರಟಗೆರೆಗಳ ಹಳ್ಳಿಗರು ‘ಕುರುಕ್ಷೇತ್ರ’ ಆಡಬೇಕಾದರೆ ಮೊದಲು ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಈ ಸಾಲಿಗೆ ತೀರ ಈಚೆಗೆ ಬಂದು ಸೇರಿದುದು ರಾಕ್ ಸಂಗೀತದ ಗಿಟಾರು. ಅದು ಕನ್ನಡಕ್ಕೆ ಒಗ್ಗಿದ ಬಗೆಯನ್ನು ತಿಳಿಯಬೇಕಾದರೆ ಮೊದಲು ಅಮೆರಿಕದ ಕಡೆ ಹೋಗಿಬರಬೇಕು.

ಆ ದೇಶದ ವಾಯವ್ಯ ಮೂಲೆಯ ಸಿಯಾಟಲ್ ಮಳೆಯ ಊರು. ಮರದ ವ್ಯಾಪಾರ, ವಿಮಾನ ಕಾರ್ಖಾನೆ ಹಿಂದೆ ಅದರ ಜೀವಾಳವಾಗಿದ್ದವು. ಸಂಗೀತದ ದೊಡ್ಡ ಪೇಟೆಗಳು ಅದಕ್ಕೆ ಬಹು ದೂರ. ಅಲ್ಲಿ 1984ರಲ್ಲಿ ‘ಸೌಂಡ್‌ಗಾರ್ಡನ್’ ಎಂಬ ಮೇಳ ಹುಟ್ಟಿತು. ಅದರ ಗಿಟಾರುವಾದಕ ಕಿಮ್ ಥೈಲ್, ಕೇರಳದಿಂದ ಹೋಗಿ ನೆಲೆಸಿದ್ದ ದಂಪತಿಗಳ ಮಗ. ಅದೇ ಸೀಮೆಯಲ್ಲಿ ‘ನಿರ್ವಾಣ’ ಎಂಬ, ನಮ್ಮಿಂದಲೇ ಹೆಸರನ್ನು ಕಡ ತಂದ, ಇನ್ನೊಂದು ಮೇಳ ಎದ್ದಿತು. ಇವರಿಗೆ ಮಿರುಗುವ ಉಡುಪು ಬೇಕಿರಲಿಲ್ಲ. ಮರ ಕಡಿಯುವವರ ಚೌಕುಳಿ ಅಂಗಿ, ಒಡಕು ದನಿ, ಒರಟು ನಾದ ಸಾಕಾಗಿತ್ತು. ಜನ ಇದನ್ನು ‘ಗ್ರಂಜ್’ ಎಂದರು. ಆ ಮಾತಿಗೆ ಕೊಳೆ ಎಂದೇ ಅರ್ಥ. 1991ರ ಸೆಪ್ಟೆಂಬರಿನಲ್ಲಿ ಬಂದ ನಿರ್ವಾಣದ ‘ನೆವರ್‌ಮೈಂಡ್’, ಮುಂದಿನ ಜನವರಿಯ ಹೊತ್ತಿಗೆ ಮೈಕೇಲ್ ಜಾಕ್ಸನ್ನನ ಹಾಡುಗಳನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ನೆತ್ತಿಗೇರಿತು. ಮೂಲೆಯ ಊರಿನವರೂ ತಮ್ಮ ದನಿಯಲ್ಲೇ ಹಾಡಬಹುದೆಂಬುದು ಆ ಗೆಲುವಿನ ತಿರುಳು.

ಆ ಕಾಲದಲ್ಲಿ ಬೆಂಗಳೂರಿನ ಕಾಲೇಜು ಉತ್ಸವಗಳಲ್ಲಿ ಪಡುವಣದವರ ಹಾಡನ್ನು ಚಾಚೂ ತಪ್ಪದೆ ನುಡಿಸಿದವನೇ ಜಾಣನೆನಿಸಿಕೊಳ್ಳುತ್ತಿದ್ದನು. ಸ್ವಂತ ಹಾಡೆಂದರೆ ಸಭೆ ಎದ್ದು ಹೋದೀತೆಂಬ ಅಳುಕು. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಮೇಳ ಆ ಅಳುಕನ್ನು ಬಿಟ್ಟು ತನ್ನವೇ ಹಾಡುಗಳನ್ನು ಕಟ್ಟಿತು. ಆದರೆ ಅವುಗಳ ನುಡಿ ಇಂಗ್ಲಿಷು.

ನುಡಿಯ ಗಡಿಯನ್ನು ದಾಟಿಸಿದವರು ಮೈಸೂರಿನವರು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಭರತನಾಟ್ಯ ಕಲಿತವರು. ಅವರು ಗಿಟಾರು ಹಿಡಿದುದು ಸಹಪಾಠಿಯೊಬ್ಬನ ಕೆಣಕಿಗೆ. ಪಿಟೀಲುವಾದಕ ಎಚ್. ಎನ್. ಭಾಸ್ಕರರು ಮೊದಲಾದವರೊಡನೆ ಅವರು ಕಟ್ಟಿದ ‘ಅಂತರಾಗ್ನಿ’ ಮೇಳದಲ್ಲಿ ಶಾಸ್ತ್ರೀಯ ಪಿಟೀಲೂ ರಾಕ್ ಗಿಟಾರೂ ಒಂದೇ ಚಾಪೆಯ ಮೇಲೆ ಕುಳಿತವು. ನಡುವೆ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದಾಗ ಅಲ್ಲಿಯ ರೇಡಿಯೋದಲ್ಲಿ ಇವರ ಹಾಡು ಕೇಳಿಬಂದಿತು. ಕೆಲಸ ಬಿಟ್ಟು ಊರಿಗೆ ಮರಳಿದರು. ಅಂತರಾಗ್ನಿ ಹೆಚ್ಚು ಕಾಲ ಬಾಳಲಿಲ್ಲ. ಅದರ ಬೂದಿಯಿಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎದ್ದಿತು. ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ವರ್ಷಗಳು ಸಂದ ಮೇಲೆ, ಮುಂಬಯಿಯ ಚಿತ್ರಸಂಗೀತಕಾರರಾದ ವಿಶಾಲ್-ಶೇಖರ್ ಜೋಡಿಯ ಕಿವಿಗೆ ಇವರ ಹಾಡು ಬಿದ್ದು, 2008ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂದಿತು.

ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಕೂಡಿದ ಆ ಮುದ್ರಿಕೆಯಲ್ಲಿ ನಾಡು ಅಪ್ಪಿಕೊಂಡುದು ಶಿಶುನಾಳ ಶರೀಫರ ಹಾಡುಗಳನ್ನು: ಗುಡುಗುಡಿಯ ಹಾಡು, ಮಾಳಿಗೆ ಸೋರುವ ಮನೆಯ ಹಾಡು. 1819ರಿಂದ 1889ರವರೆಗೆ ಬಾಳಿದ ಶರೀಫರನ್ನು ಏಕತಾರಿಯ ಭಜನೆಯವರು ಬಾಯಿಂದ ಬಾಯಿಗೆ ದಾಟಿಸಿದ್ದರು, ಸಿ. ಅಶ್ವತ್ಥರು ಮನೆಮನೆಗೂ ಮುಟ್ಟಿಸಿದ್ದರು. ಈಗ ಲುಂಗಿಯುಟ್ಟು ಗೆಜ್ಜೆ ಕಟ್ಟಿದ ಗಾಯಕನೊಬ್ಬ ಅದೇ ಪದಗಳನ್ನು ಗಿಟಾರಿನ ತಾಳಕ್ಕೆ ಕುಣಿಸಿದಾಗ, ತತ್ತ್ವಪದವೆಂದರೆ ಆಕಳಿಸುತ್ತಿದ್ದ ಕಾಲೇಜು ಹುಡುಗರೂ ದನಿಗೂಡಿಸಿದರು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. 2013ರಲ್ಲಿ ‘ಜಗ್ ಚಂಗಾ’ ಎಂಬ ಎರಡನೆಯ ಮುದ್ರಿಕೆಯೂ ಬಂದಿತು.

ರಘು ದೀಕ್ಷಿತರ ಈ ಮೇಳ ಸಿಯಾಟಲಿನದರ ನೆರಳೆಂದು ಹೇಳುವಂತಿಲ್ಲ. ಆದರೂ ಒಂದು ಹೋಲಿಕೆ ಗಮನಾರ್ಹ. 1993ರ ನವೆಂಬರಿನಲ್ಲಿ, ತನ್ನ ಸಾವಿಗೆ ಐದು ತಿಂಗಳ ಮುಂಚೆ, ನಿರ್ವಾಣದ ಕರ್ಟ್ ಕೊಬೈನ್ ದೂರದರ್ಶನದ ಕಚೇರಿಯೊಂದನ್ನು ಮುಗಿಸಿದುದು ಹಳೆಯ ಜನಪದ ಹಾಡಿನಿಂದ. ಅದನ್ನು ಅವನು ಕಲಿತುದು ಲೆಡ್ ಬೆಲ್ಲಿ ಎಂಬ ನೀಗ್ರೋ ಗಾಯಕನ ಮುದ್ರಿಕೆಯಿಂದ. ಸೆರೆಮನೆಯಲ್ಲಿದ್ದಾಗಲೇ ಜಾನಪದ ಸಂಗ್ರಾಹಕರ ಕಣ್ಣಿಗೆ ಬಿದ್ದ ಹಾಡುಗಾರ ಆತ. ಹಾಡುವ ಮುನ್ನ ಕೊಬೈನ್ ಅವನ ಹೆಸರನ್ನು ಹೇಳಿ ಹಾಡಿದ. ಹೊಸತು ತನ್ನ ಬೇರನ್ನು ಹುಡುಕಿಕೊಂಡು ಹೋದಾಗ ಹಳೆಯ ಹಾಡೇ ಅದಕ್ಕೆ ಆಸರೆಯಾಯಿತು.

ಇಲ್ಲೊಂದು ಋಣದ ಮಾತಿದೆ. ಶರೀಫರ ಹೆಸರು ದೊಡ್ಡದು. ಅವರಿಗೆ ಸಲ್ಲಬೇಕಾದುದು ಸಂದಿದೆ. ಹೆಸರಿಲ್ಲದ ಹಾಡುಗಾರರ ಗತಿಯೇನು? ಶಿರಾ, ಪಾವಗಡ, ಮಧುಗಿರಿಯ ಕಾಡುಗೊಲ್ಲರ ಹಟ್ಟಿಗಳಲ್ಲಿ ದನಗಾಹಿ ವೀರ ಜುಂಜಪ್ಪನ ಮಹಾಕಾವ್ಯವಿದೆ. ನೀಳವಾದ ಬಿದಿರಿನ ಗಣೆಯನ್ನು ಊದುತ್ತ, ನಡುನಡುವೆ ಹಾಡುತ್ತ, ಇರುಳೆಲ್ಲ ಅದನ್ನು ನಡೆಸುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಆ ದೈವದ ನೆಲೆಯಿದೆ. ಗಣೆಯ ಕರಕಲು ನಾದವನ್ನು ಕೇಳಿದವರಿಗೆ ಒರಟು ದನಿಗೆ ಸಿಯಾಟಲಿನವರೆಗೆ ಹೋಗಬೇಕಾಗಿಲ್ಲವೆಂದು ತಿಳಿಯುತ್ತದೆ. ನಾಳೆ ಯಾವುದಾದರೂ ಮೇಳ ಈ ಹಾಡನ್ನು ಗಿಟಾರಿಗೆ ಹೊಂದಿಸಬಹುದು, ಹೊಂದಿಸಲಿ. ಆದರೆ ಹಟ್ಟಿಯ ಹಾಡುಗಾರನ ಹೆಸರನ್ನು ವೇದಿಕೆಯ ಮೇಲೆ ಹೇಳಲಿ, ಸಂಭಾವನೆಯಲ್ಲಿ ಅವನಿಗೊಂದು ಪಾಲು ಇಡಲಿ. ಗಣೆಯೂದುವವನ ಮಗ ಗಣೆಯನ್ನು ಕಲಿಯುವನೋ ಬಿಡುವನೋ ಎಂಬುದು ಬಹುಮಟ್ಟಿಗೆ ಅದನ್ನು ಅವಲಂಬಿಸಿದೆ.