ಕಾಪುವಿನ ದೀಪ ಮತ್ತು ಬಿರುಗಾಳಿಯ ಮುನ್ನೆಚ್ಚರಿಕೆ

ಉಡುಪಿಯ ದಕ್ಷಿಣಕ್ಕಿರುವ ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಎತ್ತರ ಸುಮಾರು 27 ಮೀಟರ್. ಬಂಡೆ ಎಲ್ಲಿದೆ, ದಡ ಎತ್ತ ಎಂಬುದನ್ನು ಅದು ನಾವಿಕರಿಗೆ ತಿಳಿಸುತ್ತದೆ. ಆದರೆ ನಾಳೆ ಬಿರುಗಾಳಿ ಬರುತ್ತದೆಯೇ? ಇದಕ್ಕೆ ದೀಪಸ್ತಂಭದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಹುಡುಕಿದ ಚರಿತ್ರೆಯೇ ಬೇರೆ.

ಎಲ್ಲ ಬಿರುಗಾಳಿಗಳೂ ಒಂದೇ ಬಗೆಯವಲ್ಲ. ಶೀತ ದೇಶಗಳ ಚಳಿಗಾಲದ ಬಿರುಗಾಳಿಗೆ ಶಕ್ತಿ ದೊರೆಯುವುದು ತಣ್ಣನೆಯ ಮತ್ತು ಬೆಚ್ಚನೆಯ ವಾಯುರಾಶಿಗಳ ತಾಪವ್ಯತ್ಯಾಸದಿಂದ. ಮೇಲಿನ ಬೆಚ್ಚನೆಯ ಪದರದಿಂದ ಬಿದ್ದ ಮಳೆಹನಿ ನೆಲದ ಬಳಿಯ ಶೀತ ಪದರದಲ್ಲಿ 0 ಡಿಗ್ರಿಗಿಂತಲೂ ತಣ್ಣಗಾಗಿ, ದ್ರವವಾಗಿಯೇ ಉಳಿದು, ರಸ್ತೆಯನ್ನೋ ತಂತಿಯನ್ನೋ ತಾಗಿದೊಡನೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. 1998ರ ಜನವರಿಯಲ್ಲಿ ಪೂರ್ವ ಕೆನಡಾವನ್ನು ಕತ್ತಲೆಗೆ ದೂಡಿದ್ದು ಇಂಥ ಮಳೆಯೇ. ನಮ್ಮ ಚಂಡಮಾರುತಕ್ಕಾದರೋ ಕಡಲ ಬಿಸಿಯೇ ಇಂಧನ. ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಆವಿ ಹೇರಳವಾಗಿ ಏರುತ್ತದೆ. ಅದು ಸಾಂದ್ರೀಕರಿಸುವಾಗ ಬಿಡುಗಡೆಯಾಗುವ ಗುಪ್ತೋಷ್ಣ ಸುಳಿಯನ್ನು ಬಲಪಡಿಸುತ್ತದೆ.

ಈ ಸುಳಿಗೆ ‘ಸೈಕ್ಲೋನ್’ ಎಂಬ ಹೆಸರು ಹುಟ್ಟಿದ್ದು ನಮ್ಮ ದೇಶದಲ್ಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಗಾಳಿ ಒಂದು ಕೇಂದ್ರದ ಸುತ್ತ ತಿರುಗುವುದನ್ನು ಗಮನಿಸಿದ. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಪದದಿಂದ 1848ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಮಾತ್ಲಾ ನದಿಯ ದಡದಲ್ಲಿ ಕ್ಯಾನಿಂಗ್ ಬಂದರನ್ನು ಕಟ್ಟುವ ಯೋಜನೆ ಬಂದಾಗ, ಬಿರುಗಾಳಿಯ ಉಬ್ಬರಕ್ಕೆ ಅದು ಬಲಿಯಾದೀತು ಎಂದು 1853ರಲ್ಲೇ ಸರ್ಕಾರವನ್ನು ಎಚ್ಚರಿಸಿದ. ಯಾರೂ ಕಿವಿಗೊಡಲಿಲ್ಲ. 1867ರ ನವೆಂಬರಿನ ಬಿರುಗಾಳಿ ಆ ಬಂದರನ್ನು ಹಾಳುಗೆಡವಿತು. ಪಿಡಿಂಗ್‌ಟನ್ ಅದನ್ನು ನೋಡಲು ಬದುಕಿರಲಿಲ್ಲ.

ಇದರ ನಡುವೆ, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಯಲ್ಲೇ ಭೀಕರ ಚಂಡಮಾರುತ ಸಾವಿರಾರು ಜನರನ್ನು ಕೊಂದಿತ್ತು. ಮರುವರ್ಷ ಅಲ್ಲಿನ ಬಂದರಿಗೆ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ತಂತಿಯಲ್ಲಿ ಬಂದ ಸುದ್ದಿಯನ್ನು ಬಂದರುಗಳು ಹಗಲಲ್ಲಿ ಕಂಬಕ್ಕೇರಿಸಿದ ಆಕೃತಿಗಳಿಂದಲೂ ರಾತ್ರಿ ದೀಪಗಳಿಂದಲೂ ಸಾರುತ್ತಿದ್ದವು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ಬಳಿಕ ನಮ್ಮದೇ ಉಪಗ್ರಹ ಮೋಡಗಳ ಸುಳಿಯನ್ನು ತೋರಿಸತೊಡಗಿತು. 2004ರಿಂದ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿಯೂ ಬಂತು. ಮೊದಲ ಹೆಸರು ‘ಓನಿಲ್’. ಅದೂ ಅರಬ್ಬಿ ಸಮುದ್ರದ್ದೇ.

ಹಾಗಿದ್ದೂ 2021ರ ಮೇ ತಿಂಗಳು ಕಾಪುವಿಗೆ ಒಂದು ಪಾಠ ಕಲಿಸಿತು. ಮ್ಯಾನ್ಮಾರ್ ‘ತೌಕ್ತೆ’ (ಒಂದು ಬಗೆಯ ಹಲ್ಲಿ) ಎಂದು ಹೆಸರಿಟ್ಟ ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಹೊರಟಿತ್ತು. ಆದರೂ ಹಡಗುಗಳನ್ನು ಎಳೆಯುವ ಟಗ್ ದೋಣಿಯೊಂದು ಕಾಪು ಬಳಿಯ ಕಡಲ ಬಂಡೆಗಳಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಜನರನ್ನು ಮೇ 17ರಂದು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ ಪಾರುಮಾಡಿದವು. ಇದೇ ಕರಾವಳಿಯಲ್ಲಿ ಮಗುಚಿದ ಇನ್ನೊಂದು ಟಗ್‌ನವರೆಲ್ಲರಿಗೆ ಆ ಅದೃಷ್ಟವಿರಲಿಲ್ಲ. ಅದೇ ದಿನ ರಾತ್ರಿ ತೌಕ್ತೆ ಗುಜರಾತ್ ತೀರವನ್ನು ದಾಟಿತು.

ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಮುಂಗಾರಿನ ಕಡಲನ್ನು ಬಲ್ಲವರಿಗೆ ಈ ವಿರಾಮ ಸಹಜ. ಆದರೆ ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಬರುವುದು ಮುಂಗಾರಿಗೆ ಮುಂಚೆ ಅಥವಾ ಅದರ ನಂತರ. ಅಂದರೆ, ದೋಣಿಗಳು ಕಡಲಲ್ಲಿರುವಾಗಲೇ! ಸಮುದ್ರ ಬಿಸಿಯೇರುತ್ತಿರುವ ಈ ಕಾಲದಲ್ಲಿ ತಿಥಿ ನೋಡಿ ಕಡಲಿಗಿಳಿದರೆ ಸಾಲದು, ಮುನ್ಸೂಚನೆಯನ್ನೂ ನೋಡಬೇಕು.

ಪಿಡಿಂಗ್‌ಟನ್‌ನ ಕಾಲದಲ್ಲಿ ಮಾಹಿತಿ ಕಡಿಮೆಯಿತ್ತು. ಇಂದು ಉಪಗ್ರಹವಿದೆ, ರೇಡಾರ್ ಇದೆ, ಕೈಯಲ್ಲಿ ಮೊಬೈಲ್ ಇದೆ. ಆದರೆ ಎಚ್ಚರಿಕೆ ಹೊರಡುವುದು ಅರ್ಧ ಕೆಲಸ ಮಾತ್ರ. ಅದನ್ನು ಕೇಳಿ ದೋಣಿ ದಡಕ್ಕೆ ಮರಳಿದಾಗಲೇ ಆ ಕೆಲಸ ಪೂರ್ತಿಯಾಗುತ್ತದೆ.