ಕರಡಿಗೆಯೋ, ಅತ್ತರಿನ ಡಬ್ಬಿಯೋ?

ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬ ಪಲ್ಲವರ ರಾಜಧಾನಿ. ಹಾಗೆಂದು ಈ ಸೀಮೆಯಲ್ಲಿ ಕಂಡ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನೆಲ್ಲ ಆ ಅರಸರ ಕಾಲಕ್ಕೆ ಒಯ್ಯಬೇಡಿ. ನೊಳಂಬರ ಆಳ್ವಿಕೆ 11ನೇ ಶತಮಾನಕ್ಕೇ ಮುಗಿಯಿತು. ಇಷ್ಟಲಿಂಗ ಧಾರಣೆ ನಾಡಿನಲ್ಲಿ ವ್ಯಾಪಕವಾದದ್ದು 12ನೇ ಶತಮಾನದ ಬಸವಾದಿ ಶರಣರಿಂದ.

ಕರಡಿಗೆಗಳಲ್ಲಿ ಗುಂಡುಗರಡಿಗೆ ಮೊಟ್ಟೆಯಾಕಾರದ್ದು, ಅತ್ತರಿನ ಡಬ್ಬಿಯೂ ಹಾಗಿರಬಹುದು. ಮೊದಲು ಕೊಂಡಿ ನೋಡಿ. ಕರಡಿಗೆ ಶಿವದಾರದಲ್ಲಿ ಎದೆಯ ಮೇಲೆ ಅಡ್ಡಲಾಗಿ ನಿಲ್ಲಬೇಕು, ಆದ್ದರಿಂದ ಎರಡೂ ಪಕ್ಕದಲ್ಲಿ ಕೊಂಡಿ. ಆಮೇಲೆ ರಂಧ್ರ. ಪರಿಮಳ ಹೊರಗೆ ಬರಬೇಕಾದ ಡಬ್ಬಿಗೆ ಸಣ್ಣ ತೂತುಗಳ ಜಾಲರಿ ಬೇಕು. ಲಿಂಗ ಕಾಯುವ ಕರಡಿಗೆಗೆ ಅದರ ಕೆಲಸವಿಲ್ಲ. ಒಳಗೆ ವಿಭೂತಿಯ ಪುಡಿಯೋ ಲಿಂಗದ ಮೇಲಿನ ಕಪ್ಪು ಲೇಪವಾದ ಕಂತಿಯ ಗುರುತೋ ಸಿಕ್ಕರೆ ಅನುಮಾನ ಬಹುಪಾಲು ತೀರಿತು. ವಾಸನೆಯನ್ನು ಮಾತ್ರ ನಂಬಬೇಡಿ, ಗಂಧ ಪೂಜೆಯಲ್ಲೂ ಇದೆ.

ಯುರೋಪಿನಲ್ಲೂ ಇಂಥದೇ ಗೊಂದಲ: ಸುಗಂಧದ ಗುಂಡೋ, ಸಂತರ ಅವಶೇಷದ ಸಂಪುಟವೋ? ಅಲ್ಲಿನ ಕೆಲವು ಸುಗಂಧದ ಗುಂಡುಗಳು ಕಿತ್ತಳೆಯ ತೊಳೆಗಳಂತೆ ಬಿಚ್ಚಿಕೊಳ್ಳುತ್ತವೆ, ತೊಳೆಯ ಮೇಲೆ ಸುಗಂಧದ್ರವ್ಯದ ಹೆಸರು ಕೊರೆದಿರುತ್ತದೆ. ಸಂತರ ಮೂಳೆ ಅಥವಾ ಬಟ್ಟೆಯ ಚೂರು ಇಟ್ಟ ಸಂಪುಟದಲ್ಲಾದರೆ ಸಂತನ ಹೆಸರಿನ ಚೀಟಿ, ಎಷ್ಟೋ ಸಲ ಸ್ಫಟಿಕದ ಕಿಂಡಿ. ಕರಡಿಗೆಯಲ್ಲಿರುವುದು ಯಾರ ಅವಶೇಷವೂ ಅಲ್ಲ, ನಿತ್ಯ ಅಂಗೈಯಲ್ಲಿಟ್ಟು ಪೂಜಿಸುವ ಲಿಂಗ.

ಧರಿಸಿದವರು ಲಿಂಗೈಕ್ಯರಾದಾಗ ಇಷ್ಟಲಿಂಗವನ್ನೂ ಅವರೊಂದಿಗೇ ಸಮಾಧಿ ಮಾಡುವುದು ರೂಢಿ. ಮನೆಯಲ್ಲಿ ಉಳಿದ ಕರಡಿಗೆ ಖಾಲಿ; ಅದು ಮಾರಾಟಕ್ಕೆ ಬಂದಾಗ ಕೊಳ್ಳುವವರು ಅತ್ತರಿನ ಡಬ್ಬಿ ಅಂದುಕೊಳ್ಳುವುದು ಸುಲಭ.