ಜೆಲ್ಲಿ ಪುಡಿಯ ಬಣ್ಣದ ಬಿಸ್ಕತ್ತು: ಕುಸ್ವಾರ್ ತಟ್ಟೆಗೆ ಸೇರಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಕ್ರಿಸ್ಮಸ್ ಹತ್ತಿರ ಬರುತ್ತಿದ್ದಂತೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ತಯಾರಿ ಆರಂಭವಾಗುತ್ತದೆ. ಕಿಡಿಯೊ, ನೆವ್ರಿ, ತುಕ್ಡಿ, ಗುಳಿಯೊ, ಚಕ್ಕುಲಿ, ಕೊಕ್ಕಿಸಾಂ, ಪೆರಾದ್ ಇವೆಲ್ಲ ಹಿರಿಯರಿಂದ ಬಂದ ತಿಂಡಿಗಳು. ಇತ್ತೀಚಿನ ವರ್ಷಗಳಲ್ಲಿ ಇವುಗಳ ನಡುವೆ ಕೆಂಪು, ಹಸಿರು, ಹಳದಿ ಬಣ್ಣದ, ಹಣ್ಣಿನ ಪರಿಮಳದ ಬಿಸ್ಕತ್ತುಗಳೂ ಕಾಣಿಸಿಕೊಳ್ಳುತ್ತಿವೆ. ಇವುಗಳ ಬಣ್ಣ, ರುಚಿ ಎರಡೂ ಜೆಲ್ಲಿ ಮಾಡುವ ಪುಡಿಯಿಂದ ಬರುತ್ತವೆ. ಮಾಡುವುದು ಸುಲಭ, ಮಕ್ಕಳಿಗೂ ಇಷ್ಟ. ಆದರೆ ಕುಸ್ವಾರ್ ನಮ್ಮ ಮನೆಯಲ್ಲೇ ಉಳಿಯುವ ತಿಂಡಿಯಲ್ಲ, ನೆರೆಮನೆಗೂ ಹೋಗುತ್ತದೆ. ಆದ್ದರಿಂದ ಈ ಪುಡಿಯಲ್ಲಿ ಏನಿದೆ ಎಂಬುದನ್ನು ತಿಳಿದೇ ಮಾಡುವುದು ಒಳ್ಳೆಯದು.

ಎಲ್ಲಿಂದ ಬಂತು?

ಹಣ್ಣಿನ ಪರಿಮಳದ ಜೆಲ್ಲಿ ಪುಡಿ ಅಮೆರಿಕದಲ್ಲಿ ಹುಟ್ಟಿದ್ದು. 1845ರಲ್ಲಿ ಪೀಟರ್ ಕೂಪರ್ ಎಂಬ ಉದ್ಯಮಿ ಪುಡಿ ರೂಪದ ಜೆಲಟಿನ್ ಸಿಹಿಗೆ ಪೇಟೆಂಟ್ ಪಡೆದಿದ್ದರು. ಆದರೆ ಅದು ಜನಪ್ರಿಯವಾಗಲಿಲ್ಲ. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನ ಪರ್ಲ್ ವೇಟ್ ಅವರು ಜೆಲಟಿನ್‌ಗೆ ಸಕ್ಕರೆ, ಬಣ್ಣ ಮತ್ತು ಹಣ್ಣಿನ ಪರಿಮಳ ಸೇರಿಸಿದರು. ಅವರ ಪತ್ನಿ ಮೇ ಅದಕ್ಕೆ ‘ಜೆಲ್-ಓ’ ಎಂದು ಹೆಸರಿಟ್ಟರು. ಸ್ಟ್ರಾಬೆರಿ, ರಾಸ್ಪ್‌ಬೆರಿ, ಕಿತ್ತಳೆ ಮತ್ತು ಲಿಂಬೆ ಮೊದಲ ನಾಲ್ಕು ರುಚಿಗಳು. 1899ರಲ್ಲಿ ವೇಟ್ ಅವರು ಈ ಹೆಸರನ್ನೂ ವ್ಯಾಪಾರವನ್ನೂ ಅದೇ ಊರಿನ ಆರೇಟರ್ ವುಡ್‌ವರ್ಡ್ ಅವರಿಗೆ 450 ಡಾಲರಿಗೆ ಮಾರಿದರು. ಮುಂದೆ ಅದು ಅಮೆರಿಕದ ಮನೆಮನೆಯ ವಸ್ತುವಾಯಿತು. ಅಲ್ಲಿನ ಗೃಹಿಣಿಯರು ಇದೇ ಪುಡಿಯನ್ನು ಸಕ್ಕರೆ ಬಿಸ್ಕತ್ತಿನ ಹಿಟ್ಟಿಗೂ ಸೇರಿಸಿ, ಒಂದೇ ಪದಾರ್ಥದಿಂದ ಬಣ್ಣ, ಹುಳಿ, ಪರಿಮಳ ಮೂರನ್ನೂ ಪಡೆದರು.

ಪುಡಿ ಕೊಳ್ಳುವಾಗ ಗಮನಿಸಿ

ಅಂಗಡಿಯಲ್ಲಿ ಎರಡು ಬಗೆಯ ಪುಡಿ ಸಿಗುತ್ತದೆ. ಒಂದು, ಬಣ್ಣವಾಗಲಿ ರುಚಿಯಾಗಲಿ ಇಲ್ಲದ ಬರೀ ಜೆಲಟಿನ್. ಇನ್ನೊಂದು, ಸಕ್ಕರೆ, ಹುಳಿ, ಬಣ್ಣ, ಪರಿಮಳ ಸೇರಿದ ಜೆಲ್ಲಿ ಪುಡಿ ಅಥವಾ ಜೆಲ್ಲಿ ಕ್ರಿಸ್ಟಲ್. ಬಿಸ್ಕತ್ತಿಗೆ ಬೇಕಾದುದು ಎರಡನೆಯದು. ಮೊದಲನೆಯದನ್ನು ಹಾಕಿದರೆ ಬಣ್ಣವೂ ಬರುವುದಿಲ್ಲ, ರುಚಿಯೂ ಬರುವುದಿಲ್ಲ.

ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನಿಂದ ತೆಗೆದ ವಸ್ತು. ದನ, ಹಂದಿ ಅಥವಾ ಮೀನು ಇದರ ಮೂಲ. ನಮ್ಮ ದೇಶದಲ್ಲಿ ಸಿಗುವ ಹಲವು ಜೆಲ್ಲಿ ಪುಡಿಗಳಲ್ಲಿ ಜೆಲಟಿನ್ ಬದಲು ಸಮುದ್ರದ ಪಾಚಿಯಿಂದ ಬರುವ ಕ್ಯಾರಗೀನನ್‌ನಂತಹ ಸಸ್ಯಮೂಲದ ವಸ್ತು ಇರುತ್ತದೆ. ವ್ಯತ್ಯಾಸ ತಿಳಿಯಲು ಪೊಟ್ಟಣದ ಮೇಲಿನ ಗುರುತು ನೋಡಿರಿ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಗುರುತು ಇದ್ದರೆ ಮಾಂಸಾಹಾರ. ವಿದೇಶದಿಂದ ಬಂಧುಗಳು ತಂದುಕೊಟ್ಟ ಪೊಟ್ಟಣದಲ್ಲಿ ಈ ಗುರುತು ಇಲ್ಲದಿರಬಹುದು. ಆಗ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಬಿಸ್ಕತ್ತಿನ ಮಟ್ಟಿಗೆ ಎರಡೂ ಒಂದೇ ರೀತಿ ಕೆಲಸ ಮಾಡುತ್ತವೆ. ಜೆಲ್ಲಿಯಾಗಿ ಗಟ್ಟಿಯಾಗಲು ಸಾಕಷ್ಟು ನೀರು ಬೇಕು. ಬಿಸ್ಕತ್ತಿನ ಹಿಟ್ಟಿನಲ್ಲಿ ಅಷ್ಟು ನೀರು ಇರುವುದಿಲ್ಲ. ಹಾಗಾಗಿ ಇಲ್ಲಿ ಪುಡಿಯ ಕೆಲಸ ಬಣ್ಣ, ಸಿಹಿ, ಹುಳಿ ಮತ್ತು ಪರಿಮಳ ಕೊಡುವುದಷ್ಟೇ. ಆದ್ದರಿಂದ ಹಸಿರು ಚುಕ್ಕೆಯ ಪುಡಿ ಬಳಸಿದರೆ ಏನೂ ನಷ್ಟವಿಲ್ಲ.

ಬೇಕಾಗುವ ಸಾಮಾನು

ಇದು ಮೂರು ಬಣ್ಣಗಳಲ್ಲಿ ಸುಮಾರು 40 ಬಿಸ್ಕತ್ತುಗಳಿಗೆ ಸಾಕಾಗುವ ಅಳತೆ.

ಮೈದಾ – 350 ಗ್ರಾಂ
ಬೆಣ್ಣೆ – 225 ಗ್ರಾಂ
ಪುಡಿ ಮಾಡಿದ ಸಕ್ಕರೆ – 100 ಗ್ರಾಂ
ಮೊಟ್ಟೆ – 1 (ಬೇಡವಾದರೆ 3 ದೊಡ್ಡ ಚಮಚ ಹಾಲು)
ಬೇಕಿಂಗ್ ಪೌಡರ್ – 1 ಚಹಾ ಚಮಚ
ವೆನಿಲ್ಲಾ ಎಸೆನ್ಸ್ – 1 ಚಹಾ ಚಮಚ
ಉಪ್ಪು – ಒಂದು ಚಿಟಿಕೆ (ಉಪ್ಪಿನ ಬೆಣ್ಣೆಯಾದರೆ ಬೇಡ)
ಮೂರು ರುಚಿಯ ಜೆಲ್ಲಿ ಪುಡಿ – ತಲಾ 2 ದೊಡ್ಡ ಚಮಚ, ಅಂದರೆ ಸುಮಾರು 25 ಗ್ರಾಂ
ಹೊರಳಿಸಲು ಸಕ್ಕರೆ – 2 ದೊಡ್ಡ ಚಮಚ

ಸ್ಟ್ರಾಬೆರಿ, ಕಿತ್ತಳೆ, ಲಿಂಬೆ, ಅನಾನಸ್, ಮಾವು ಇವುಗಳಲ್ಲಿ ನಿಮಗೆ ಬೇಕಾದ ಮೂರನ್ನು ಆರಿಸಿಕೊಳ್ಳಬಹುದು. 90 ಗ್ರಾಂನ ಒಂದು ಪೊಟ್ಟಣ ಮೂರು ಸಲಕ್ಕೆ ಸಾಕಾಗುತ್ತದೆ. ತೆರೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ಮಾಡುವ ವಿಧಾನ

1. ಜೆಲ್ಲಿ ಪುಡಿಯನ್ನು ಒಣಗಿದ ಮಿಕ್ಸಿ ಪಾತ್ರೆಯಲ್ಲಿ ಒಂದೊಂದಾಗಿ ನುಣ್ಣಗೆ ಮಾಡಿಕೊಳ್ಳಿ. ಹರಳು ದಪ್ಪವಿದ್ದರೆ ಬಿಸ್ಕತ್ತಿನಲ್ಲಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

2. ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗಾದ ಮೇಲೆ ಸಕ್ಕರೆ ಸೇರಿಸಿ, ಬಿಳುಪಾಗಿ ಹಗುರವಾಗುವವರೆಗೆ ಕಡೆಯಿರಿ. ಬೆಣ್ಣೆ ಕರಗಿ ನೀರಾಗಬಾರದು. ನಂತರ ಮೊಟ್ಟೆ ಮತ್ತು ವೆನಿಲ್ಲಾ ಸೇರಿಸಿ.

3. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಜೊತೆಯಾಗಿ ಜರಡಿ ಹಿಡಿದು ಸೇರಿಸಿ. ಒಂದು ಉಂಡೆಯಾಗಿ ಕೂಡಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ.

4. ಹಿಟ್ಟನ್ನು ಮೂರು ಪಾಲು ಮಾಡಿ. ಪ್ರತಿ ಪಾಲಿಗೆ ಒಂದೊಂದು ರುಚಿಯ ಪುಡಿ ಹಾಕಿ ಬಣ್ಣ ಸಮನಾಗುವವರೆಗೆ ಬೆರೆಸಿ. ತಿಳಿ ಬಣ್ಣದಿಂದ ಆರಂಭಿಸಿ ಕೆಂಪನ್ನು ಕೊನೆಗೆ ಬೆರೆಸಿದರೆ ಕೈಯ ಬಣ್ಣ ಬೇರೆ ಹಿಟ್ಟಿಗೆ ತಗಲುವುದಿಲ್ಲ.

5. ಹಿಟ್ಟನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಈ ಹಂತವನ್ನು ಬಿಡಲೇಬಾರದು. ಬಿಟ್ಟರೆ ಬಿಸ್ಕತ್ತು ಒಲೆಯಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

6. ಲಿಂಬೆ ಗಾತ್ರಕ್ಕಿಂತ ಸ್ವಲ್ಪ ಚಿಕ್ಕ ಉಂಡೆಗಳನ್ನು ಮಾಡಿ, ಸಕ್ಕರೆಯಲ್ಲಿ ಹೊರಳಿಸಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ಅಂತರ ಬಿಟ್ಟು ಇರಿಸಿ. ಲೋಟದ ತಳದಿಂದ ಮೆಲ್ಲಗೆ ಒತ್ತಿ.

7. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ ಬೇಯಿಸಿ. ಅಂಚು ಕಂದಾಗುವ ಮೊದಲೇ ತೆಗೆಯಿರಿ. ಕಂದಾದರೆ ಹಣ್ಣಿನ ಬಣ್ಣ ಮಾಸುತ್ತದೆ, ಪರಿಮಳವೂ ಕಡಿಮೆಯಾಗುತ್ತದೆ. ತೆಗೆದಾಗ ಮೆತ್ತಗಿರುತ್ತದೆ, ತಣ್ಣಗಾದಂತೆ ಗಟ್ಟಿಯಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಒಂದು ಪದರ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಬಿಸಿ ಮಾಡಬೇಕು. ನಂತರ ಬಿಸ್ಕತ್ತಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದಿರಿಸಿ. ನೀರು ಹಾಕಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಹಾಕಬೇಡಿ. ಜೆಲ್ಲಿ ಪುಡಿಯಲ್ಲಿರುವ ಹುಳಿಯನ್ನು ಸೋಡಾ ಮುರಿಯುತ್ತದೆ, ಹಣ್ಣಿನ ರುಚಿ ಸಪ್ಪೆಯಾಗುತ್ತದೆ. ಬಣ್ಣ ಗಾಢವಾಗಲೆಂದು ಪುಡಿಯನ್ನು ದುಪ್ಪಟ್ಟು ಹಾಕಿದರೆ ಸಕ್ಕರೆ ಹೆಚ್ಚಾಗಿ ಬಿಸ್ಕತ್ತು ಹರಡುತ್ತದೆ ಮತ್ತು ಬೇಗ ಸೀಯುತ್ತದೆ. ಮನೆಯಲ್ಲಿ ತೆಗೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶ ಹೋಗುವಂತೆ ತೊಳೆದು, ನೀರನ್ನು ಚೆನ್ನಾಗಿ ಹಿಂಡಿ ಬಳಸಿ.

ಪೂರ್ತಿ ತಣ್ಣಗಾಗುವ ಮುನ್ನ ಡಬ್ಬಿಗೆ ತುಂಬಬೇಡಿ. ನಮ್ಮ ಹವೆಯಲ್ಲಿ ತೇವ ಹೆಚ್ಚು. ಸಕ್ಕರೆ ತೇವವನ್ನು ಎಳೆದುಕೊಳ್ಳುತ್ತದೆ. ಪೆರಾದ್, ಕೇಕ್‌ನಂತಹ ಮೆದು ತಿಂಡಿಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಬಿಸ್ಕತ್ತು ಮೆತ್ತಗಾಗುತ್ತದೆ, ಮಾತ್ರವಲ್ಲ ಚಕ್ಕುಲಿಗೂ ಸ್ಟ್ರಾಬೆರಿ ವಾಸನೆ ಹಿಡಿಯುತ್ತದೆ. ಬೇರೆ ಡಬ್ಬಿಯಲ್ಲಿಟ್ಟರೆ ಹತ್ತು ದಿನ ಚೆನ್ನಾಗಿರುತ್ತದೆ.

ಬಣ್ಣ ಮತ್ತು ಆರೋಗ್ಯ

ಹಣ್ಣಿನ ಚಿತ್ರ ಪೊಟ್ಟಣದ ಮೇಲಿದ್ದರೂ ಒಳಗೆ ಹಣ್ಣು ಇರಬೇಕೆಂದಿಲ್ಲ. ಹೆಚ್ಚಿನ ಭಾಗ ಸಕ್ಕರೆಯೇ. ಮೇಲಿನ ಅಳತೆಯ ಒಂದು ಬಿಸ್ಕತ್ತಿನಲ್ಲಿ ಸುಮಾರು ಒಂದು ಚಹಾ ಚಮಚ ಸಕ್ಕರೆ ಇರುತ್ತದೆ. ಮಧುಮೇಹ ಇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ದೇಶದಲ್ಲಿ ಆಹಾರಕ್ಕೆ ಬಳಸಲು ಎಂಟು ಕೃತಕ ಬಣ್ಣಗಳಿಗೆ ಮಾತ್ರ, ಅದೂ ಮಿತಿಯೊಳಗೆ, ಅನುಮತಿ ಇದೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ರೋಡಮೈನ್-ಬಿಯಂತಹ, ಆಹಾರಕ್ಕೆ ಸಲ್ಲದ ಬಣ್ಣ ಪತ್ತೆಯಾದುದೇ ಇದಕ್ಕೆ ಕಾರಣ. ಆದ್ದರಿಂದ ಲೇಬಲ್ ಇಲ್ಲದ, ಬಿಡಿಯಾಗಿ ತೂಗಿ ಕೊಡುವ ಬಣ್ಣದ ಪುಡಿಯನ್ನು ಖಂಡಿತ ಕೊಳ್ಳಬೇಡಿ. ಕಂಪೆನಿಯ ಹೆಸರು, ಪದಾರ್ಥಗಳ ಪಟ್ಟಿ, ಪರವಾನಗಿ ಸಂಖ್ಯೆ ಮತ್ತು ಅವಧಿ ಮುದ್ರಿಸಿರುವ ಪೊಟ್ಟಣವನ್ನೇ ಆರಿಸಿ.

ನೆರೆಮನೆಗೆ ಕೊಡುವಾಗ

ಕುಸ್ವಾರ್ ತಟ್ಟೆ ಹೋಗುವ ಮನೆಗಳಲ್ಲಿ ಸಸ್ಯಾಹಾರಿಗಳಿದ್ದಾರೆ, ಮುಸ್ಲಿಂ ಬಾಂಧವರಿದ್ದಾರೆ. ನಾವು ಕೊಟ್ಟದ್ದನ್ನು ಅವರು ವಿಶ್ವಾಸದಿಂದ ಸ್ವೀಕರಿಸುತ್ತಾರೆ, ಏನು ಹಾಕಿದ್ದೀರಿ ಎಂದು ಕೇಳಲು ಸಂಕೋಚಪಡುತ್ತಾರೆ. ಬಿಸ್ಕತ್ತು ನೋಡಿದರೆ ಅದರಲ್ಲಿ ಪ್ರಾಣಿಮೂಲದ ಜೆಲಟಿನ್ ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ತಿಳಿಸುವ ಹೊಣೆ ಮಾಡಿದವರದು. ಮೊಂತಿ ಫೆಸ್ತ್‌ನಂದು ನಾವೂ ಸಸ್ಯಾಹಾರವನ್ನೇ ಉಣ್ಣುವವರು. ಊಟದ ನಿಯಮಕ್ಕೆ ಇರುವ ಬೆಲೆ ನಮಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ.

ಸುಲಭದ ದಾರಿಯೆಂದರೆ ಹಂಚುವ ಬಿಸ್ಕತ್ತನ್ನು ಹಸಿರು ಚುಕ್ಕೆಯ ಪುಡಿ ಮತ್ತು ಹಾಲು ಹಾಕಿಯೇ ಮಾಡುವುದು. ಮೊಟ್ಟೆ ಹಾಕಿದ್ದನ್ನು ಮನೆಗೆ ಬೇರೆ ಇಡಬಹುದು. ಮೊಟ್ಟೆ ಹಾಕಿದ ಕೇಕಿನ ಪಕ್ಕದಲ್ಲಿ ಇಡದೆ ಪ್ರತ್ಯೇಕ ಪೊಟ್ಟಣದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಚರ್ಚಿನ ಹಬ್ಬದ ಮಾರಾಟಕ್ಕೆ ತಿಂಡಿ ತರುವ ಸ್ತ್ರೀ ಸಂಘಟನೆ ಹಾಗೂ ಯುವಜನರ ಕಾರ್ಯಕರ್ತರು ಪ್ರತಿ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಲಿ. ಅದರಲ್ಲಿ ಮೈದಾ, ಹಾಲಿನ ಅಂಶ, ಮೊಟ್ಟೆ, ಜೆಲಟಿನ್ ಇದೆಯೇ ಇಲ್ಲವೇ ಎಂಬುದು ಮತ್ತು ತಯಾರಿಸಿದ ದಿನಾಂಕ ಇರಲಿ. ಅಲರ್ಜಿ ಇರುವ ಮಕ್ಕಳ ತಂದೆತಾಯಿಗೂ ಇದರಿಂದ ಅನುಕೂಲ. ಮನೆಯಿಂದಲೇ ನಿರಂತರವಾಗಿ ಮಾರಾಟ ಮಾಡುವವರು ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು.

ಬಣ್ಣದ ಬಿಸ್ಕತ್ತು ಒಂದೆರಡು ಗಂಟೆಯ ಕೆಲಸ. ಮಕ್ಕಳನ್ನೂ ಉಂಡೆ ಕಟ್ಟಲು ಕೂರಿಸಿಕೊಳ್ಳಿ, ಪೊಟ್ಟಣದ ಗುರುತು ಓದಲು ಅವರಿಗೇ ಹೇಳಿ. ತಟ್ಟೆ ಕೊಡಲು ಹೋದಾಗ “ಇದನ್ನು ನೀವೂ ತಿನ್ನಬಹುದು, ಮೊಟ್ಟೆ-ಜೆಲಟಿನ್ ಹಾಕಿಲ್ಲ” ಎಂಬ ಒಂದು ಮಾತು ಅವರ ಬಾಯಿಂದಲೇ ಬರಲಿ.